ಸುಮಿಯ ಅಳತೆ

ಮೋರಟಗಿಯ ಬಸ್ ನಿಲ್ದಾಣದ ಎದುರು ‘ಪರ್ಫೆಕ್ಟ್ ಟೇಲರ್ಸ್’ ಎಂಬ ಬೋರ್ಡು ಕಂಡರೆ ಅದು ನನ್ನ ಅಂಗಡಿ. ಹೆಸರಿಟ್ಟವನೂ ನಾನೇ, ಬೋರ್ಡು ಬರೆಸಿದವನೂ ನಾನೇ. ಇಪ್ಪತ್ತೆಂಟು ವರ್ಷಗಳಲ್ಲಿ ಆ ಹೆಸರು ನೋಡಿ ಊರಿನವರು ಬೆನ್ನ ಹಿಂದೆ ಏನು ಮಾತಾಡಿಕೊಂಡರೋ ಗೊತ್ತಿಲ್ಲ, ತಿಳಿದುಕೊಳ್ಳುವ ಧೈರ್ಯವನ್ನೂ ನಾನು ಮಾಡಿಲ್ಲ. ಮುಖದ ಎದುರೇ ನಕ್ಕವಳು ಒಬ್ಬಳೇ, ನನ್ನ ಅಣ್ಣ ಪರಶುವಿನ ಮಗಳು ಸುಮಂಗಲಾ. ಮನೆಯಲ್ಲಿ ಎಲ್ಲರಿಗೂ ಅವಳು ಸುಮಿ.

ಅವಳು ನಗುವುದಕ್ಕೆ ಕಾರಣವಿತ್ತು. ನಾನು ಕಸುಬು ಕಲಿತದ್ದು ಬಸವನ ಬಾಗೇವಾಡಿಯ ಯಂಕಪ್ಪ ಮಾಸ್ತರರ ಹತ್ತಿರ. ಒಂದು ದಿನ ಅವರು ಚಿಕ್ಕ ಮಕ್ಕಳ ಅಂಗಿ ಕತ್ತರಿಸುತ್ತ, “ಬೆಳಿಯೂ ಕೂಸಿನ ಅಂಗಿಗೆ ಒಳಗ ಎರಡ ಇಂಚ ಅರಿವಿ ಮಡಚಿ ಬಿಡಬೇಕು ನೋಡೋ ಧರೆಪ್ಪ, ಮುಂದಿನ ವರ್ಷ ಬಿಚ್ಚಿ ದೊಡ್ಡದ ಮಾಡಾಕ ಬರತೈತಿ” ಎಂದರು. ಹೀಗೆ ಒಳಗೆ ಮಡಚಿ ಬಿಡುವ ಬಟ್ಟೆಗೆ ನಾವು ಟೇಲರ್‌ಗಳು ಮಾರ್ಜಿನ್ ಅನ್ನುತ್ತೇವೆ. ಮಾಸ್ತರರು ಕೂಸಿನ ಬಗ್ಗೆ ಹೇಳಿದ್ದನ್ನು ನಾನು ಇಡೀ ಮನುಕುಲಕ್ಕೆ ಅನ್ವಯಿಸಿಬಿಟ್ಟೆ. ಒಳಗೆ ಎರಡಿಂಚು ಬಿಟ್ಟದ್ದು ಸಾಲದೆಂದು ಹೊರಗೂ ಎರಡಿಂಚು ಸಡಿಲವಾಗಿಯೇ ಹೊಲಿಯುತ್ತ ಬಂದೆ. ಅರವತ್ತು ದಾಟಿದ ರಾಚಪ್ಪ ಸಾಹುಕಾರರ ಕೋಟನ್ನೂ ಹಾಗೆಯೇ ಹೊಲಿದೆ. ಪುಣ್ಯಾತ್ಮರು ಅಡ್ಡಡ್ಡ ಬೆಳೆದು ನನ್ನ ಮರ್ಯಾದೆ ಉಳಿಸಿದರು.

ಸುಮಿಯ ವಿಷಯದಲ್ಲಿ ನನ್ನ ತಪ್ಪಿಗೆ ಇನ್ನೊಂದು ತಪ್ಪು ಕೂಡಿಕೊಂಡಿತ್ತು. ನಮ್ಮ ಕಡೆ ಗಂಡಸು ಟೇಲರ್ ಬೆಳೆದ ಹುಡುಗಿಯ ಮೈಗೆ ಟೇಪು ಹಿಡಿಯುವುದಿಲ್ಲ. ಮನೆಯವರು ಅಳತೆಗೆಂದು ಹಳೆಯ ಅಂಗಿ ಕಳಿಸುತ್ತಾರೆ, ಅದನ್ನು ಇಟ್ಟುಕೊಂಡು ಹೊಸದನ್ನು ಕತ್ತರಿಸುತ್ತೇವೆ. ಬೇರೆ ಮನೆಯ ಹುಡುಗಿಯರ ಹಳೆಯ ಅಂಗಿ ಎಲ್ಲಾದರೂ ಒಂದು ಕಡೆ ಸರಿಯಾಗಿ ಹೊಲಿದದ್ದಿರುತ್ತದೆ. ಸುಮಿಯ ಹಳೆಯ ಅಂಗಿ ಎಂದರೆ ನಾನೇ ಹೊಲಿದದ್ದು. ಐದನೇ ಇಯತ್ತೆಯ ಅಂಗಿಗೆ ಎರಡಿಂಚು ಕೂಡಿಸಿ ಆರನೆಯದು, ಆರನೆಯದಕ್ಕೆ ಎರಡಿಂಚು ಕೂಡಿಸಿ ಏಳನೆಯದು. ಹೀಗೆ ನನ್ನ ತಪ್ಪನ್ನು ನಾನೇ ಅಳೆದು, ಅದರ ಮೇಲೆ ಇನ್ನಷ್ಟು ಸೇರಿಸಿ, ಪಿಯುಸಿ ಮುಟ್ಟುವ ಹೊತ್ತಿಗೆ ಆ ಹುಡುಗಿಗೆ ನಾನು ಹೊಲಿಯುತ್ತಿದ್ದ ಚೂಡಿಯಲ್ಲಿ ಒಂದು ಸಣ್ಣ ಸಂಸಾರ ಹಿಡಿಯುತ್ತಿತ್ತು.

“ಕಾಕಾ, ಇದರಾಗ ನಾ ಒಬ್ಬಾಕಿನ ಹೋಗಬೇಕೋ, ಗೆಳತ್ಯಾರನ್ನೂ ಕರಕೊಂಡ ಹೋಗಬೇಕೋ?” ಎಂದು ಅವಳು ಅಂಗಡಿಯ ನಡುವೆ ನಿಂತು ಗಿರ್‍ರನೆ ಸುತ್ತುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು.

“ಮುಂದಿನ ವರ್ಷಕ್ಕ ಬರೋಬರಿ ಆಗತೈತಿ, ಸುಮ್ನಿರ.”

“ಮುಂದಿನ ವರ್ಷ ನೀ ಮತ್ತೊಂದ ಹೊಲೀತಿ. ಅದು ಅದರ ಮುಂದಿನ ವರ್ಷಕ್ಕ ಬರೋಬರಿ ಆಗತೈತಿ. ಈ ವರ್ಷ ನಾ ಏನ್ ಹಾಕ್ಕೊಳ್ಳಲಿ ಕಾಕಾ?”

ಇಂಥ ಮಾತು ಬಂದಾಗ ನಾನು ಮಶೀನು ಜೋರಾಗಿ ತುಳಿಯುತ್ತೇನೆ, ಆ ಸದ್ದಿಗೆ ಎದುರಿನವರು ಸುಮ್ಮನಾಗುತ್ತಾರೆ. ಸುಮಿ ಮಾತ್ರ ಆ ಸದ್ದಿನ ಮೇಲೆ ಇನ್ನೂ ಜೋರಾಗಿ ನಗುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಸುಮಿ ತೀರಿಕೊಂಡಳು. ಡೆಂಗಿ ಜ್ವರ. ಸೋಮವಾರ ತಲೆನೋವು ಎಂದಳು, ಬುಧವಾರ ಸಿಂದಗಿಗೆ ಒಯ್ದೆವು, ಗುರುವಾರ ವಿಜಯಪುರಕ್ಕೆ, ಶನಿವಾರ ಮುಂಜಾನೆ ಮುಗಿಯಿತು. ಡಿಗ್ರಿಗೆ ಸೇರಿ ಎರಡು ತಿಂಗಳಾಗಿತ್ತು, ಹದಿನೆಂಟು ತುಂಬಿ ನಾಲ್ಕು ತಿಂಗಳು. ನನಗೂ ನನ್ನ ಹೆಂಡತಿಗೂ ಮಕ್ಕಳಿಲ್ಲ. ನನ್ನ ಮಶೀನಿನ ಕೆಳಗೆ ಬಿದ್ದ ಬಟ್ಟೆಯ ಚೂರುಗಳಲ್ಲಿ ಆಡಿ ಬೆಳೆದದ್ದು ಅದೊಂದೇ ಕೂಸು.

ಮೂರನೇ ದಿನ ಅತ್ತಿಗೆ ರೇಣವ್ವ, ನಾನು ವೈನಿ ಎಂದು ಕರೆಯುವವರು, ಸುಮಿಯ ಬಟ್ಟೆಗಳನ್ನೆಲ್ಲ ಟ್ರಂಕಿಗೆ ತುಂಬುತ್ತ, ಒಂದೊಂದನ್ನೇ ಎತ್ತಿ ಹಿಡಿದು ನೋಡಿ, ನನ್ನ ಕಡೆ ತಿರುಗಿ, “ಒಂದರ, ಧರೆಪ್ಪ, ಒಂದರ ಅಂಗಿ ಅಕಿ ಮೈಗೆ ಹೊಂದೂವಂಗ ಹೊಲದಿ ಏನು?” ಎಂದರು. ಬೈಯಬೇಕೆಂದು ಅಂದದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಇಡೀ ವರ್ಷ ವೈನಿ ನನ್ನೊಡನೆ ಊಟಕ್ಕೆ ಏಳು, ನೀರು ಬಂತು, ಕರೆಂಟು ಹೋಯಿತು ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಈ ವರ್ಷ ಮಹಾನವಮಿಯ ಅಮಾವಾಸ್ಯೆ, ಅಂದರೆ ಮಹಾಲಯ ಅಮಾವಾಸ್ಯೆ, ಬಂತು. ಆ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರ ಫೋಟೋಗಳ ಮುಂದೆ ಹೋಳಿಗೆ, ಕಡಬು, ಕಟ್ಟಿನ ಸಾರು, ಅವರವರು ಇಷ್ಟಪಡುತ್ತಿದ್ದ ತಿಂಡಿ, ಅದರ ಪಕ್ಕದಲ್ಲಿ ಒಬ್ಬೊಬ್ಬರಿಗೂ ಹೊಸ ಬಟ್ಟೆ. ಅಪ್ಪನಿಗೆ ಧೋತರ, ಅಜ್ಜಿಗೆ ಇಳಕಲ್ ಸೀರೆ. ಪೂಜೆ ಮುಗಿದ ಮೇಲೆ ಆ ಬಟ್ಟೆಯನ್ನು ಮನೆಯವರು ಯಾರಾದರೂ ಅವತ್ತೇ ಉಡಬೇಕು. ಹಾಗೆ ಉಟ್ಟರೆ ಅದು ಅವರಿಗೆ ಮುಟ್ಟಿತು ಎಂದು ಲೆಕ್ಕ.

ಅಮಾವಾಸ್ಯೆಗೆ ಎಂಟು ದಿನವಿರುವಾಗ ಊಟಕ್ಕೆ ಕೂತಿದ್ದೆವು. ನನ್ನ ಅವ್ವ ಯಲ್ಲವ್ವ, “ಈ ವರ್ಷ ಸುಮಿಗೂ ಇಡಬೇಕು” ಎಂದಳು.

ನನಗೆ ಎಲ್ಲಿ ಬಾಯಿ ಹಾಕಬಾರದೋ ಅಲ್ಲಿ ಹಾಕುವ ಚಟ. “ಹಿರೇರ ಹಬ್ಬಲ್ಲೇನವ್ವಾ? ಅಕಿ ಎಲ್ಲಾರಕಿಂತ ಸಣ್ಣಾಕಿ” ಎಂದೆ.

ಅವ್ವ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. “ನಮ್ಮೆಲ್ಲಾರಕಿಂತ ಮುಂದ ಹೋಗ್ಯಾಳ. ಅಲ್ಲಿ ಅಕಿನ ಹಿರ್‍ಯಾಕಿ.”

ಅಣ್ಣ ಎದ್ದು ಕೈ ತೊಳೆಯಲು ಹೋದ. ಆಗ ವೈನಿ, ತಾಟಿನಿಂದ ತಲೆಯೆತ್ತದೆ, “ಅಕಿದು ಚೂಡಿ ಧರೆಪ್ಪನ ಹೊಲೀಲಿ. ಖರೆ ಅಕಿ ಅಳತಿದು ಆಗಬೇಕು. ಸಡ್ಲ ಆದ್ರ ನಾ ಎಡಿ ಮುಂದ ಇಡಾಕ ಬಿಡೂದಿಲ್ಲ” ಎಂದರು.

“ಹೊಲೀತೇನಿ ವೈನಿ. ಒಂದ ದಾರದ ಎಳಿಯಷ್ಟೂ ಸಡ್ಲ ಆಗೂದಿಲ್ಲ” ಎಂದು ಎದೆ ತಟ್ಟಿಕೊಂಡೆ. ಎದೆ ತಟ್ಟಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಪರ್ಫೆಕ್ಟ್.

ಮರುದಿನ ಸಿಂದಗಿಗೆ ಹೋಗಿ ತಿಳಿನೀಲಿ ಹತ್ತಿಯ ಬಟ್ಟೆ ತಂದೆ. ಮೇಜಿನ ಮೇಲೆ ಹಾಸಿ, ಸೀಮೆಸುಣ್ಣ ಹಿಡಿದು, ಅಳತೆಯ ಪುಸ್ತಕ ತೆಗೆದೆ. ಆ ಪುಸ್ತಕದಲ್ಲಿ ಅರ್ಧ ಮೋರಟಗಿ ಇದೆ. ಯಾರ ಹೊಟ್ಟೆ ಯಾವ ವರ್ಷ ಮುಂದೆ ಬಂತು, ಯಾರ ಒಂದು ಭುಜ ಇನ್ನೊಂದಕ್ಕಿಂತ ಕೆಳಗಿದೆ, ಎಲ್ಲ ಬರೆದಿಟ್ಟಿದ್ದೇನೆ. ನಾನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹಾಳೆ ಮಗುಚಿದೆ. ಸುಮಂಗಲಾ ಎಂಬ ಹೆಸರಿನ ಪುಟವೇ ಇರಲಿಲ್ಲ. ಮನೆಯ ಮಗಳು, ಅಳತೆ ಬರೆದುಕೊಳ್ಳುವುದು ಯಾಕೆ, ನನಗೆ ಗೊತ್ತಿಲ್ಲವೇ ಎಂದು ಹದಿನೆಂಟು ವರ್ಷ ಬಿಟ್ಟಿದ್ದೆ.

ಟ್ರಂಕಿನಲ್ಲಿದ್ದ ಬಟ್ಟೆ ತರಿಸಿದೆ. ಒಂಬತ್ತು ಚೂಡಿಗಳು, ಒಂಬತ್ತೂ ನಾನು ಹೊಲಿದವು, ಒಂಬತ್ತೂ ಸುಳ್ಳು ಹೇಳುತ್ತಿದ್ದವು. ಯಾವುದನ್ನು ನಂಬಿ ಎಷ್ಟು ಇಂಚು ಕಳೆಯಲಿ? ಒಂದರಲ್ಲಿ ನಾಲ್ಕು ಕಳೆಯಬೇಕೆನಿಸಿದರೆ ಇನ್ನೊಂದರಲ್ಲಿ ಆರು. ಕಣ್ಣು ಮುಚ್ಚಿ ಅವಳನ್ನು ನೆನೆಸಿಕೊಂಡು ನೋಡಿದೆ. ನಗು ನೆನಪಾಯಿತು, ಜಡೆ ನೆನಪಾಯಿತು, ಅಂಗಡಿಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ ರೀತಿ ನೆನಪಾಯಿತು. ಭುಜ ಎಷ್ಟಿತ್ತು ಎಂದು ಮಾತ್ರ ಹೊಳೆಯಲಿಲ್ಲ. ಮೂರು ದಿನ ಹೀಗೇ ಹೋಯಿತು, ಸೀಮೆಸುಣ್ಣ ಮುಟ್ಟಲಿಲ್ಲ.

ನಾಲ್ಕನೇ ದಿನ ಗೋಡೆಯ ಮೇಲಿನ ಫೋಟೋ ನೋಡುತ್ತ ಕೂತೆ. ಪಿಯುಸಿಯ ಬೀಳ್ಕೊಡುಗೆ ದಿನ ಸಿಂದಗಿಯ ಕಾಲೇಜಿನಲ್ಲಿ ತೆಗೆದದ್ದು, ನಾನು ಹೊಲಿದ ಕೆಂಪು ಚೂಡಿ ಹಾಕಿಕೊಂಡಿದ್ದಾಳೆ. ಎಷ್ಟು ಚೆಂದ ಹೊಂದಿದೆ ಎಂದರೆ, ಅದನ್ನು ದೊಡ್ಡದು ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿ ಬಂದ ಗಿರಾಕಿಗಳಿಗೆಲ್ಲ, “ಇದು ನೋಡ್ರಿ ನಮ್ಮ ಕೈಗುಣ” ಎಂದು ತೋರಿಸುತ್ತಿದ್ದೆ. ಅವಳು ಹೋದ ಮೇಲೆ ಅದೇ ಫೋಟೋಕ್ಕೆ ಹಾರ ಹಾಕಿದೆವು. ಈಗ ನೋಡುತ್ತಿರುವಾಗ ನನ್ನ ದಪ್ಪ ತಲೆಗೆ ಒಂದು ವಿಷಯ ಹೊಕ್ಕಿತು. ಈ ಕೆಂಪು ಚೂಡಿ ಮೇಜಿನ ಮೇಲೆಯೇ ಇದೆ. ಎತ್ತಿ ಹಿಡಿದರೆ ಅದೂ ಗೋಣಿಚೀಲ. ಫೋಟೋದಲ್ಲಿ ಹೇಗೆ ಹೊಂದಿತು?

ಬಟ್ಟೆಯನ್ನು ತಿರುವಿ ಬೆಳಕಿಗೆ ಹಿಡಿದೆ. ಎರಡೂ ಪಕ್ಕಕ್ಕೆ, ಕಂಕುಳಿನಿಂದ ಸೊಂಟದವರೆಗೆ, ಸೂಜಿ ಹೋಗಿ ಬಂದ ಸಣ್ಣ ತೂತುಗಳ ಸಾಲು. ಬೇರೆ ಎಂಟನ್ನೂ ನೋಡಿದೆ, ಎಂಟರಲ್ಲೂ ಅದೇ ಸಾಲು. ಈ ತೂತುಗಳನ್ನು ನಾನು ಮೊದಲೂ ನೋಡಿದ್ದೆ ಎಂದು ಆಗ ನೆನಪಾಯಿತು. ಸುಮಿಯ ಯೂನಿಫಾರ್ಮಿನಲ್ಲಿ ನೋಡಿ, ಅದನ್ನು ಹೊತ್ತುಕೊಂಡು ಸಿಂದಗಿಯ ಬಟ್ಟೆ ವ್ಯಾಪಾರಿ ಅನೀಲಕುಮಾರನ ಅಂಗಡಿಗೆ ಹೋಗಿ, “ಹುಳಾ ಹತ್ತಿದ ಅರಿವಿ ಮಾರತಿ ಏನೋ?” ಎಂದು ನಾಲ್ಕು ಜನರ ಮುಂದೆ ಕೂಗಾಡಿ ಬಂದಿದ್ದೆ. ಅವನು ಪಾಪ, “ಹುಳಾ ಗೆರಿ ಹೊಡದಂಗ ತಿಂತಾವೇನ್ರಿ ಟೇಲರ್?” ಎಂದಿದ್ದ. ತೂತು ಸೂಜಿಯದೋ ಹುಳದ್ದೋ ಎಂದು ಅರಿವೆ ಮಾರುವವನಿಗೆ ಗೊತ್ತಾಗಿತ್ತು, ಹೊಲಿಯುವವನಿಗೆ ಆಗಿರಲಿಲ್ಲ.

ಕೆಂಪು ಚೂಡಿ ಹಿಡಿದುಕೊಂಡು ಮನೆಗೆ ಹೋದೆ. ವೈನಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ತೂತು ತೋರಿಸಿ, “ವೈನಿ, ಇದು ಯಾರು ಮಾಡಿದ್ದು?” ಎಂದೆ.

ಅವರು ಮೊರ ಕೆಳಗಿಟ್ಟರು. “ಸಿಂದಗಿ ಅಮೀನಾಬಿ.”

“ನಿಮಗ ಗೊತ್ತಿತ್ತೇನ್ರಿ?”

“ನನಗ ಗೊತ್ತಿತ್ತು, ನಿಮ್ಮವ್ವಗ ಗೊತ್ತಿತ್ತು, ನಿನ್ನ ಹೆಂಡ್ತಿಗೆ ಗೊತ್ತಿತ್ತು. ನಿನಗ ಹೇಳಬಾರದಂತ ಅಕಿ ಎಲ್ಲಾರ ಕಡೆ ಆಣಿ ಹಾಕಿಸಿಕೊಂಡಿದ್ಲು.” ವೈನಿ ಮತ್ತೆ ಮೊರ ಕೈಗೆತ್ತಿಕೊಂಡು, “ಅಳತಿ ಬೇಕಂದ್ರ ಅಲ್ಲೇ ಹೋಗು. ನೀ ತಾನಾಗೆ ಕೇಳಲಿ ಅಂತ ನಾ ಸುಮ್ನಿದ್ನಿ” ಎಂದರು.

ಅಮೀನಾಬಿ ಎಂದರೆ ಯಾರು ಎಂದು ಹೇಳಬೇಕು. ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮನೆಯಲ್ಲೇ ಮಶೀನು ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುವವಳು. ಹತ್ತು ವರ್ಷದಲ್ಲಿ ಮೋರಟಗಿಯ ನನ್ನ ಅರ್ಧ ಗಿರಾಕಿಗಳು ಬಸ್ ಹತ್ತಿ ಅವಳ ಮನೆಗೆ ಹೋಗತೊಡಗಿದ್ದರು. ಅವಳ ಹೊಲಿಗೆ ಎರಡು ಸಲ ಒಗೆದರೆ ಬಿಚ್ಚುತ್ತದೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅವಳ ಹೊಲಿಗೆಯನ್ನು ಒಮ್ಮೆಯೂ ಕಣ್ಣಿಂದ ನೋಡದೆಯೇ ಹೇಳಿದ್ದೆ. ಈಗ ಅವಳ ಬಾಗಿಲಿಗೆ ಹೋಗಿ, ನನ್ನ ಮನೆಯ ಮಗಳ ಅಳತೆ ಕೊಡು ಎಂದು ಕೇಳಬೇಕಾಗಿತ್ತು. ಸಿಂದಗಿಯ ಬಸ್ಸಿನಲ್ಲಿ ಕೂತವನು ನಡುದಾರಿಯಲ್ಲಿ ಎರಡು ಸಲ ಇಳಿದುಬಿಡೋಣವೆಂದು ಎದ್ದೆ. ಎರಡು ಸಲವೂ ಕಂಡಕ್ಟರು, “ಕುಂಡ್ರಿ ಯಜಮಾನ್ರ, ಇನ್ನೂ ದೂರ ಐತಿ” ಎಂದು ಕೂರಿಸಿದ.

ಅಮೀನಾಬಿ ನನ್ನನ್ನು ನೋಡಿ ಮಶೀನು ನಿಲ್ಲಿಸಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, “ಬರ್‍ರಿ ಧರೆಪ್ಪಣ್ಣ, ಕುಂಡ್ರಿ” ಎಂದು ಕುರ್ಚಿ ತೋರಿಸಿದಳು. “ಹೋದ ವರ್ಷನ ನಾ ನಿಮ್ಮ ಮನಿಗೆ ಬರಬೇಕಿತ್ತು. ನಿಮ್ಮ ಬಾಯಿಗೆ ಅಂಜಿ ಬರಲಿಲ್ಲ.”

ನನ್ನ ಬಾಯಿಯ ಖ್ಯಾತಿ ಇಲ್ಲಿಯವರೆಗೆ ಬಂದಿತ್ತು. ಕೆಂಪು ಚೂಡಿಯನ್ನು ಅವಳ ಮುಂದೆ ಇಟ್ಟೆ. ಅವಳು ಅದನ್ನು ಎತ್ತಿಕೊಂಡು, ತೂತಿನ ಸಾಲಿನ ಮೇಲೆ ಬೆರಳಾಡಿಸಿದಳು.

“ಪಿಯುಸಿ ಮೊದಲನೇ ವರ್ಷದಾಗ ಬಂದ್ಲು. ‘ಯಾವ ಟೇಲರ್ ಹೊಲದಾನವ್ವಾ ಈ ಡೇರೇನ?’ ಅಂತ ಕೇಳಿದ್ನಿ. ‘ನಮ್ಮ ಕಾಕಾ. ಅವಗೇನರ ಅಂದ್ರ ನಾ ಎದ್ದ ಹೋಗ್ತೇನಿ’ ಅಂದ್ಲು. ಬದಿಗೆ ಕಾಯಂ ಹೊಲಿಗಿ ಹಾಕಿ ಕೊಡ್ತೇನಿ ಅಂದ್ರ ಬ್ಯಾಡ ಅಂದ್ಲು. ಮನಿಗೆ ಹೋದಾಗ ಕಾಕಾ ನೋಡ್ತಾನ, ಅವನ ಮಾರಿ ಸಣ್ಣ ಆಗತೈತಿ ಅಂದ್ಲು. ಅದಕ್ಕ ದಿನಾ ಮುಂಜಾನಿ ಬಸ್ ಇಳದ ಕೂಡ್ಲೆ ಇಲ್ಲಿ ಬರತಿದ್ಲು. ಮೈಮ್ಯಾಲೇ ಎರಡೂ ಬದಿಗೆ ಉದ್ದುದ್ದ ಕಚ್ಚಾ ಹೊಲಿಗಿ ಹಾಕತಿದ್ನಿ, ಐದ ನಿಮಿಷದ ಕೆಲಸ. ಸಂಜೀಕ ಮನಿಗೆ ಹೋಗೂವಾಗ ಬಸ್ಸಿನ್ಯಾಗ ಕುಂತು ದಾರ ಎಳದ ಬಿಚ್ಚಿ ಬಿಡತಿದ್ಲು.”

“ದಿನಾ?”

“ದಿನಾ ರಿ. ಎರಡ ವರ್ಷ.”

ಎರಡು ವರ್ಷ ಆ ಹುಡುಗಿ ಸಂಜೆ ಬಸ್ಸಿನಿಂದ ಇಳಿದು ನೇರ ನನ್ನ ಅಂಗಡಿಗೆ ಬರುತ್ತಿದ್ದಳು. ಆ ಸಡಿಲ ಚೂಡಿಯಲ್ಲಿ ಬಾಗಿಲಿಗೆ ಒರಗಿ ನಿಂತು, ಕಾಕಾ, ಚಹಾ ಕುಡಿಯೋಣು ಅನ್ನುತ್ತಿದ್ದಳು. ನೋಡಿದೆಯಾ, ಎಷ್ಟು ಆರಾಮ ಇದೆ, ಮೈಗೆ ಗಾಳಿ ಆಡುತ್ತದೆ ಎಂದು ನಾನು ನನ್ನ ಹೊಲಿಗೆಯನ್ನು ಹೊಗಳಿಕೊಳ್ಳುತ್ತಿದ್ದೆ. ಅವಳು ಹೌದು ಕಾಕಾ ಅನ್ನುತ್ತಿದ್ದಳು. ಮುಖದ ಎದುರೇ ನನ್ನನ್ನು ನಗೆಯಾಡುವವಳು, ನಾನು ನಿಜವಾಗಿ ನೋಯುವ ಜಾಗ ಎಲ್ಲಿದೆ ಎಂದು ತಿಳಿದುಕೊಂಡು ಅದನ್ನು ಮಾತ್ರ ಮುಟ್ಟದೆ ಬಿಟ್ಟಿದ್ದಳು. ನನಗೆ ನಾಚಿಕೆಯಾಯಿತು. ಜೊತೆಗೇ, ಹೇಳಲೇಬೇಕು, ಖುಷಿಯೂ ಆಯಿತು. ನನ್ನ ಮುಖ ಸಣ್ಣದಾಗಬಾರದೆಂದು ಇಷ್ಟು ಕಷ್ಟಪಟ್ಟವರು ಈ ಭೂಮಿಯ ಮೇಲೆ ಬೇರೆ ಯಾರೂ ಇಲ್ಲ.

ಅಮೀನಾಬಿ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಪುಟ ಹುಡುಕಿ ನನ್ನ ಮುಂದೆ ಹಿಡಿದಳು. ಮೇಲೆ ಸುಮಂಗಲಾ, ಮೋರಟಗಿ ಎಂದು ಬರೆದಿತ್ತು, ಹೋದ ವರ್ಷದ ಜುಲೈ ತಿಂಗಳ ತಾರೀಖು. ಭುಜ ಹದಿಮೂರೂವರೆ. ತೋಳು ಹದಿನೇಳು. ನಡು ಇಪ್ಪತ್ತಾರು. ನಾನು ಟೇಲರ್ ಆಗಿ ಆ ಅಂಕಿಗಳನ್ನು ಓದುತ್ತ ಹೋದ ಹಾಗೆ ನನ್ನ ಕಣ್ಣ ಮುಂದೆ ಅವಳು ನಿಂತಳು. ಎಷ್ಟು ಸಣ್ಣಗಿದ್ದಳು ನಮ್ಮ ಸುಮಿ! ನಾನು ಯಾರಿಗೆ ಹೊಲಿಯುತ್ತಿದ್ದೆ ಇಷ್ಟು ದಿನ?

“ಡಿಗ್ರಿ ಸೇರಿದ ಮ್ಯಾಲ ಒಂದ ಡ್ರೆಸ್ ನನ್ನ ಕಡೆ ಹೊಲಿಸಬೇಕಂತ ಅಳತಿ ಕೊಟ್ಟಿದ್ಲು” ಎಂದಳು ಅಮೀನಾಬಿ. “ಮರುದಿನ ಬಂದು ಬ್ಯಾಡ ಅಂದ್ಲು. ಈ ಅಳತಿನ ಚೀಟಿ ಮ್ಯಾಲ ಬರಕೊಂಡ ಹೋಗಿ ಕಾಕಾಗ ಕೊಡ್ತೇನಿ, ಅಂವನ ಹೊಲೀತಾನ ಅಂದ್ಲು. ಚೀಟಿ ಕೊಟ್ಟಿರಬೇಕಲ್ರಿ ನಿಮಗ?”

ಕೊಟ್ಟಿದ್ದಳು. ಮಶೀನಿನ ಮೇಲೆ ಮಡಚಿದ ಚೀಟಿ ಇಟ್ಟು, “ಕಾಕಾ, ಹೊಸಾ ಡ್ರೆಸ್ಸಿಗೆ ಇದನ್ನೊಂಚೂರು ನೋಡ” ಎಂದಿದ್ದಳು. “ಇಪ್ಪತ್ತೇಳ ವರ್ಷದ ಟೇಲರ್‌ಗ ನೀ ಅಳತಿ ಕಲಸ್ತಿ?” ಎಂದು ನಾನು ಗದರಿಸಿದ್ದೆ. ಆ ಚೀಟಿಯ ಬೆನ್ನಿಗೆ ಯಾರದೋ ಪ್ಯಾಂಟಿನ ಅಳತೆ ಬರೆದುಕೊಂಡು, ಆಮೇಲೆ ಬಿಸಾಡಿದ್ದೆ. ಡ್ರೆಸ್ಸನ್ನು ಎಂದಿನಂತೆ ಎರಡಿಂಚು ಒಳಗೆ, ಎರಡಿಂಚು ಹೊರಗೆ ಬಿಟ್ಟು ಹೊಲಿದೆ. ಆಸ್ಪತ್ರೆಗೆ ಹೋಗುವ ದಿನ ಅವಳು ಅದನ್ನೇ ಹಾಕಿಕೊಂಡಿದ್ದಳು.

ಇದನ್ನು ಅಮೀನಾಬಿಗೆ ಹೇಳಲಿಲ್ಲ. “ಕೊಟ್ಟಿದ್ಲು” ಎಂದೆ. “ಕಳದ ಬಿಟ್ನಿ.” ಅವಳು ಒಂದು ಹಾಳೆಯಲ್ಲಿ ಅಳತೆಗಳನ್ನು ಬರೆದು ಕೊಟ್ಟಳು. ಹೊರಡುವಾಗ, “ನಿಮ್ಮ ಹೊಲಿಗಿ ಎರಡ ಸಲ ಒಗದ್ರ ಬಿಚ್ಚತೈತಿ ಅಂತ ಊರಾಗ ಹೇಳಿದಾಂವ ನಾನ” ಎಂದೆ.

“ಗೊತ್ತೈತ್ರಿ” ಎಂದು ನಕ್ಕಳು. “ಸುಮಿನ ಬಂದ ಹೇಳಿದ್ಲು. ತಪ್ಪ ತಿಳ್ಕೋಬ್ಯಾಡ್ರಿ, ನಮ್ಮ ಕಾಕಾನ ಬಾಯಿನೂ ಸಡ್ಲ ಅಂದ್ಲು.”

ಬಸ್ಸಿನಲ್ಲಿ ಊರಿಗೆ ಮರಳುವಾಗ ನಾನು ಒಬ್ಬನೇ ನಕ್ಕೆ, ಪಕ್ಕದಲ್ಲಿದ್ದ ಮುದುಕ ಜಾಗ ಬಿಟ್ಟು ಎದ್ದು ಹೋದ.

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಕತ್ತರಿಸಲು ನಿಂತೆ. ಅಮೀನಾಬಿಯ ಹಾಳೆ ಎದುರಿಗೆ. ಭುಜಕ್ಕೆ ಗುರುತು ಹಾಕಿದೆ, ಪಕ್ಕಕ್ಕೆ ಗೆರೆ ಎಳೆದೆ, ನೋಡಿದರೆ ಕೈ ತಾನಾಗಿ ಎರಡಿಂಚು ಆಚೆಗೆ ಎಳೆದಿತ್ತು. ಅಳಿಸಿದೆ. ಮತ್ತೆ ಎಳೆದೆ, ಮತ್ತೆ ಅಲ್ಲಿಗೇ ಹೋಯಿತು. ಮೂರನೇ ಸಲ ಸರಿಯಾದ ಜಾಗದಲ್ಲಿ ಗೆರೆ ಬಿತ್ತು, ಆಗ ಕತ್ತರಿ ಹಿಡಿದ ಕೈ ಮುಂದೆ ಹೋಗಲಿಲ್ಲ. ಹೊಲಿಗೆಗೆ ಬೇಕಾದ ಅರ್ಧ ಇಂಚು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಬೇಕಿತ್ತು. ಬೆಳೆಯುವವರಿಗೆ ಬಿಡುವ ಬಟ್ಟೆ ಅದು. ಸುಮಿ ಇಲ್ಲ ಎಂದು ಡಾಕ್ಟರು ಹೇಳಿದ್ದರು, ಅಣ್ಣ ಹೇಳಿದ್ದ, ಮಣ್ಣು ಮಾಡಿ ಬಂದ ನನ್ನ ಕೈಗಳೇ ಹೇಳಿದ್ದವು. ಒಂದು ವರ್ಷ ನಾನು ಎಲ್ಲರೆದುರು ತಲೆಯಾಡಿಸುತ್ತ ಇದ್ದೆ. ಅವಳು ಇನ್ನು ಬೆಳೆಯುವುದಿಲ್ಲ ಎಂಬುದು ನನಗೆ ಅವತ್ತು, ಆ ಮೇಜಿನ ಮುಂದೆ ತಿಳಿಯಿತು.

ಎಷ್ಟು ಹೊತ್ತು ನಿಂತಿದ್ದೆನೋ. ಹೊರಗೆ ಒಬ್ಬ ಗಿರಾಕಿ ಬಂದು, “ಏನ್ರಿ ಟೇಲರ್, ನಿಂತಲ್ಲೇ ನಿದ್ದಿ ಮಾಡಾಕತ್ತೀರೇನು?” ಎಂದ. “ನಾಳಿ ಬಾ” ಎಂದು ಗದರಿದೆ. ಆ ಗದರಿದ ಜೋರಿನಲ್ಲೇ ಕತ್ತರಿಸಿಬಿಟ್ಟೆ. ಪಕ್ಕದ ಎರಡು ಪಟ್ಟಿ ಕೆಳಗೆ ಬಿದ್ದವು.

ಅಮಾವಾಸ್ಯೆಯ ದಿನ ಅವ್ವ ಫೋಟೋಗಳನ್ನು ಸಾಲಾಗಿ ಇಟ್ಟಳು. ಮುತ್ತಜ್ಜ, ಅಜ್ಜ, ಅಜ್ಜಿ, ಅಪ್ಪ, ಕೊನೆಗೆ ಸುಮಿ. ಉಳಿದವರೆಲ್ಲ ಮುಖ ಗಂಟು ಹಾಕಿಕೊಂಡು ಕ್ಯಾಮೆರಾಕ್ಕೆ ಹೆದರಿ ಕೂತವರು, ಅವರ ನಡುವೆ ಇವಳೊಬ್ಬಳು ಹಲ್ಲು ಬಿಟ್ಟು ನಗುತ್ತಿದ್ದಳು. ಹೋಳಿಗೆಯ ಪಕ್ಕದಲ್ಲಿ ವೈನಿ ಅವಳಿಗೆಂದು ಚುರುಮುರಿಯ ಗಿರ್ಮಿಟ್ಟು, ಎರಡು ಮೆಣಸಿನಕಾಯಿ ಬಜ್ಜಿ ಇಟ್ಟರು. ನಾನು ತಿಳಿನೀಲಿ ಚೂಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಬಿಚ್ಚಿ, ಭುಜ ಹಿಡಿದು ಎತ್ತಿ, ಬಹಳ ಹೊತ್ತು ನೋಡಿದರು. ನಾನು ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದೆ. ಅವರು ಅದನ್ನು ಮಡಚಿ ಫೋಟೋದ ಮುಂದೆ ಇಟ್ಟರು. ಆರತಿ ಬೆಳಗಿ, ಕಾಯಿ ಒಡೆದು, ನಾವೆಲ್ಲ ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಹಿರಿಯರು ಉಣ್ಣುವಾಗ ನಾವು ಒಳಗಿರಬಾರದು.

ಬಾಗಿಲು ತೆಗೆದ ಮೇಲೆ ಅಣ್ಣ ಅಪ್ಪನ ಧೋತರ ಉಟ್ಟ. ಅಜ್ಜಿಯ ಸೀರೆಯನ್ನು ನನ್ನ ಹೆಂಡತಿ ಉಟ್ಟಳು. ಚೂಡಿ ಹಾಗೇ ಇತ್ತು. ಆಗಲೇ ನನಗೆ ಹೊಳೆದದ್ದು, ಇದನ್ನು ಯಾರು ಹಾಕಿಕೊಳ್ಳಬೇಕು ಎಂದು ಎಂಟು ದಿನ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಮನೆಯಲ್ಲಿ ಬೇರೆ ಹುಡುಗಿಯಿಲ್ಲ.

“ಯಾರರ ಮೈಗೆ ಹತ್ತಬೇಕಲ್ಲವಾ, ಇಲ್ಲಂದ್ರ ಅಕಿಗೆ ಮುಟ್ಟೂದಿಲ್ಲ” ಎಂದಳು ಅವ್ವ.

ವೈನಿ ಎದ್ದರು. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ, ಅಗರಖೇಡದ ತವರಿನಿಂದ ಬಂದಾಗಿನಿಂದ ತಲೆಯ ಮೇಲಿನ ಸೆರಗು ಜಾರಿದ್ದನ್ನು ನಾನು ನೋಡಿಲ್ಲ. ಚೂಡಿ ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಹೊರಗೆ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಹಿಂದಿನಿಂದ ಅವರ ದನಿ ಬಂತು.

“ಧರೆಪ್ಪ.”

“ಏನ್ರಿ ವೈನಿ.”

“ತೋಳ ಮೊಣಕೈ ಮ್ಯಾಲ ಏರವಲ್ದು. ಒಳಗ ಅರಿವಿ ಬಿಟ್ಟಿರತಿ ಅಲ್ಲಾ, ಒಂಚೂರು ಬಿಚ್ಚಿ ಕೊಡ.”

ನಾನು ಎದ್ದು ಬಾಗಿಲ ಹತ್ತಿರ ಹೋದೆ.

“ಬಿಟ್ಟಿಲ್ರಿ ವೈನಿ. ಈ ಸಲ ಏನೂ ಬಿಟ್ಟಿಲ್ಲ.”

ಒಳಗೆ ಬಳೆಗಳ ಸದ್ದಾಯಿತು, ಬಾಗಿಲು ತೆರೆಯಿತು. ವೈನಿ ಸೀರೆಯಲ್ಲೇ ಇದ್ದರು, ಚೂಡಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದರು.

“ಹಂಗಾರ ಇದು ಅಕಿಗಷ್ಟ ಆಗೂದು” ಎಂದರು.

“ಹೌದ್ರಿ” ಎಂದೆ. “ಅಕಿಗಷ್ಟ.”

“ಚಲೋ ಹೊಲದಿ, ಧರೆಪ್ಪ.”

ಐವತ್ತೆರಡು ವರ್ಷದ ನಾನು, ಹೊಸ್ತಿಲ ಮೇಲೆ ಕುಸಿದು ಕೂತು, ಅವ್ವ, ಅಣ್ಣ, ಹೆಂಡತಿ ಎಲ್ಲರ ಎದುರು ಬಾಯಿ ಬಿಟ್ಟು ಅತ್ತೆ. ವೈನಿ ನನ್ನ ಪಕ್ಕದಲ್ಲೇ ಕೂತು ಅತ್ತರು.